ಎರಡು ರಾಟೆಯ ಬಾವಿ

ಅಮ್ಮನಿಗೂ ದೊಡ್ಡಮ್ಮನಿಗೂ ಶಿರ್ತಾಡಿಯ ಜಾಗ ಪಾಲಾದಾಗ ಬಾವಿಯನ್ನು ಮಾತ್ರ ಯಾರೂ ಪಾಲು ಮಾಡಲಿಲ್ಲ. ಕಂಪೌಂಡ್ ಗೋಡೆ ಎರಡೂ ಕಡೆಯಿಂದ ಬಂದು ಬಾವಿಕಟ್ಟೆಗೆ ತಾಗಿ ನಿಂತಿತು. ಆಚೆಗೊಂದು ರಾಟೆ, ಈಚೆಗೊಂದು ರಾಟೆ. ಪಂಪು ಇಡಬಾರದು, ಹಗ್ಗದಲ್ಲಿ ಸೇದಿದಷ್ಟೇ ನೀರು ಎಂದು ಪಾಲುಪತ್ರದಲ್ಲೇ ಬರೆಸಿದ್ದರು. ಹಿರಿಯರಿಗೆ ಬುದ್ಧಿ ಇತ್ತು. ಬೋರ್‌ವೆಲ್ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ನನಗೆ ಹೊಳೆಯಿತು. ಮೂಡುಬಿದಿರೆಯ ಕಾಲೇಜು ಮಕ್ಕಳಿಗೆಂದು ಮನೆಯ ಹಿಂದೆ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದೆ. ಅವರಿಗೆ ದಿನಕ್ಕೆ ಎರಡು ಸ್ನಾನ. ನನ್ನ ಜಾಗದಲ್ಲಿ ನಾನು ಕೊರೆಸಿದರೆ ಕೇಳುವವರು ಯಾರು? ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವವರನ್ನು ಕರೆಸಿದೆ. ಕಾಯಿ ಎದ್ದು ನಿಂತದ್ದು ನನ್ನ ಕಡೆಯಲ್ಲೇ, ಬಾವಿಯಿಂದ ಹತ್ತೇ ಹೆಜ್ಜೆ ದೂರದಲ್ಲಿ.

ಕೊರೆದ ದಿನ ಸಂಜೆ ದೊಡ್ಡಮ್ಮ ತಮ್ಮ ಕಡೆಯಿಂದ ಬಾವಿಗೆ ಬಗ್ಗಿ ನೋಡಿದರು.

"ನೀರು ಬೂದಿ ಬಣ್ಣ ಆಗಿದೆಯಲ್ಲ ಮಗಾ?"

"ಧೂಳು ಹಾರಿ ಬಿದ್ದದ್ದು. ಎರಡು ದಿನದಲ್ಲಿ ತಿಳಿಯಾಗ್ತದೆ."

ಅದು ಧೂಳಲ್ಲ, ಬಂಡೆ ಕೊರೆದ ಕೆಸರು ಒಳಗಿನಿಂದಲೇ ಬಾವಿಗೆ ಹರಿದದ್ದು ಎಂದು ನನಗೆ ಆಗಲೇ ಗೊತ್ತಿತ್ತು. ಎರಡಕ್ಕೂ ಒಂದೇ ಸೆಲೆ. ಆದರೂ ಮೋಟಾರು ಹಾಕಿದೆ.

ಮೇ ತಿಂಗಳ ಪತ್ತನಾಜೆಗೂ ಕೊಡಪಾನ ಮುಳುಗುತ್ತಿದ್ದ ಬಾವಿ ಆ ವರ್ಷ ಶಿವರಾತ್ರಿಗೇ ಬತ್ತಿತು. ದೊಡ್ಡಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಪಕ್ಕದಲ್ಲಿ ನಾನೂ ಕೂತಿದ್ದೆ. ಕವಡೆ ಹಾಕಿದ ಜೋಯಿಸರು ನಾಗನ ಮುನಿಸು ಎಂದರು. ಮತ್ತೆ ನಮ್ಮಿಬ್ಬರನ್ನೂ ನೋಡಿ, "ಕುಟುಂಬದಲ್ಲಿ ಯಾರಿಂದಲಾದರೂ ತಪ್ಪು ಆದದ್ದುಂಟಾ? ಇದ್ದರೆ ಈಗಲೇ ಹೇಳಿ," ಎಂದರು. ನಾನು ಕವಡೆಗಳನ್ನು ನೋಡುತ್ತಾ ಕೂತೆ. ಹಾಳು ನಾಲಗೆ, ಸುಳ್ಳಿಗಾದರೆ ಎಷ್ಟು ಬೇಗ ಹೊರಳಿತ್ತು.

ನಾಗನಿಗೆ ತಂಬಿಲ ಸೇವೆ ಆಯಿತು. ದೊಡ್ಡಮ್ಮ ಅಂದು ಉಪವಾಸ. ನಾಗನ ಕಲ್ಲಿಗೆ ಬಾವಿಯ ನೀರೇ ಆಗಬೇಕು. ಇಲ್ಲದ ಕಾರಣ ನನ್ನ ನಲ್ಲಿಯ ನೀರು ಎರೆದರು. ಅದಕ್ಕೂ ಅವರೇ ತಪ್ಪುಕಾಣಿಕೆ ಇಟ್ಟರು. ನಾನು ಅರಸಿನದ ಪ್ರಸಾದ ಹಣೆಗೆ ಹಚ್ಚಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಅವರು ರಾಟೆಗೆ ಹಗ್ಗ ಹಾಕಿ ಕೊಡಪಾನ ಇಳಿಸಿದರು. ಅದು ಕಲ್ಲಿಗೆ ಬಡಿದ ಸದ್ದು ನನ್ನ ಅಡುಗೆಮನೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಖಾಲಿ ಕೊಡ ಹಿಡಿದು ನನ್ನ ನಲ್ಲಿಯ ಹತ್ತಿರ ಬಂದರು.

"ನನ್ನಿಂದಲೇ ಏನೋ ಆಗಿರಬೇಕು ಮಗಾ. ರಾತ್ರಿಯಿಡೀ ಯೋಚನೆ ಮಾಡಿದೆ. ಏನೂಂತ ನೆನಪಾಗುವುದಿಲ್ಲ."

ನಾನು ನಲ್ಲಿ ತಿರುಗಿಸಿ ಕೊಡ ತುಂಬಿಸಿದೆ. ಸೊಂಟಕ್ಕೆ ಎತ್ತಿಕೊಟ್ಟೆ.

"ನೀನೊಬ್ಬ ಇದ್ದ ಕಾರಣ ಆಯ್ತು," ಎಂದರು.

"ಅದಕ್ಕೇನು ದೊಡ್ಡಮ್ಮ, ನಾಳೆಯೂ ಬನ್ನಿ," ಎಂದೆ.