ಸೆಲೀನಮ್ಮನ ಕಸ್ಟರ್ಡಿನಲ್ಲಿ ಮೊಟ್ಟೆ ಇರಲಿಲ್ಲ

ಜೋಗುಪಾಳ್ಯದ ನಮ್ಮ ಬೀದಿಯ ನಿವಾಸಿಗಳ ಸಂಘವು ತಪ್ಪು ಮಾಡದ ಹೆಂಗಸೊಬ್ಬರ ಮೇಲೆ ಸುಳ್ಳು ಆರೋಪ ಹೊರಿಸಿ, ಅವರ ಕೆಲಸ ಕಿತ್ತುಕೊಂಡು, ಆ ಸುಳ್ಳನ್ನೇ ತನ್ನ ನಡಾವಳಿ ಪುಸ್ತಕದಲ್ಲಿ ನಿರ್ಣಯವೆಂದು ಬರೆದಿಟ್ಟುಕೊಂಡಿದೆ. ನಿರ್ಣಯಕ್ಕೆ ಸಹಿ ಹಾಕಿದ ಐವರಲ್ಲಿ ಮೊದಲನೆಯವರು ಅಂದಿನ ಅಧ್ಯಕ್ಷರು, ಅಂದರೆ ನನ್ನ ತಂದೆ. ಆರೋಪಕ್ಕೆ ಇದ್ದ ಒಂದೇ ಒಂದು ಸಾಕ್ಷಿ ನಾನು. ಆಗ ನನಗೆ ಏಳು ವರ್ಷ. ಈ ವಯಸ್ಸಿನ ಕಾರಣಕ್ಕೆ ಯಾರೂ ನನಗೆ ರಿಯಾಯಿತಿ ಕೊಡಬೇಕಿಲ್ಲ.

ಆ ಹೆಂಗಸಿನ ಹೆಸರು ಸೆಲೀನಮ್ಮ. ನಡಾವಳಿಯಲ್ಲಿ ಹೆಸರಿಲ್ಲ, 'ಆಯಾ' ಎಂದಷ್ಟೇ ಇದೆ. ಆದ್ದರಿಂದ ಅವರು ಯಾರೆಂಬುದನ್ನು ಮೊದಲು ಹೇಳಬೇಕು.

ತೊಂಬತ್ತರ ದಶಕದ ನಡುವಿನಲ್ಲಿ ಸಂಘವು ಬೀದಿಯ ಕೊನೆಯಲ್ಲೊಂದು ಮಕ್ಕಳ ಮನೆ ನಡೆಸುತ್ತಿತ್ತು. ಶಾಲೆ ಬಿಟ್ಟ ಮೇಲೆ ತಾಯ್ತಂದೆಯರು ಬರುವವರೆಗೆ ನಾವು ಹದಿನೆಂಟು ಮಕ್ಕಳು ಅಲ್ಲಿರುತ್ತಿದ್ದೆವು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಸೆಲೀನಮ್ಮ. ಗಿಡ್ಡ ದೇಹ, ಎಣ್ಣೆ ಹಚ್ಚಿ ಬಿಗಿದ ತುರುಬು, ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಮನೆಮಾತು ತಮಿಳು. ಪ್ರಾಯದಲ್ಲಿ ರಿಚರ್ಡ್ಸ್ ಟೌನಿನ ಬಂಗಲೆಯೊಂದರಲ್ಲಿ ಅಡುಗೆಗಿದ್ದವರು. ಪಾತ್ರೆಯಲ್ಲಿ ಏನನ್ನಾದರೂ ತಿರುವುವಾಗ ಅವರು ನಮ್ಮ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಒಂದು ಸುತ್ತಿಗೆ ಒಂದು ಹೆಸರು. ಜ್ವರ ಬಂದು ಮನೆಯಲ್ಲಿ ಉಳಿದ ಮಗುವಿಗೆ ಎರಡು ಸುತ್ತು. "ಹೆಸ್ರು ಬಿಟ್ಟೋದ್ರೆ ಅವ್ರ ಪಾಲು ತಳ ಹಿಡಿಯತ್ತೆ ಕಣ್ಣಾ" ಎಂದು ನಂಬಿಸಿದ್ದರು. ನಂಬಿ, ನನ್ನ ಹೆಸರು ಬರುವ ತನಕ ಒಲೆಯ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ.

ಶನಿವಾರ ಸಿಹಿಯ ದಿನ. ಪ್ರತಿ ವಾರ ಒಂದೊಂದು ಮನೆಯ ಸಿಹಿ. ಸೆಲೀನಮ್ಮ ಆ ಮನೆಗೆ ಹೋಗಿ, ಅಲ್ಲಿನ ಹಿರಿಯರಿಂದ ಕಲಿತು ಬಂದು, ಹದಿನೆಂಟು ಮಂದಿಗೂ ಮಾಡಿ ಬಡಿಸುತ್ತಿದ್ದರು. ನೂರ್‌ಜಹಾನ್ ಬೂಬು ಅವರಿಂದ ರಂಜಾನಿನಲ್ಲಿ ಮಾಡುವ ಕಡಲ್‌ಪಾಸಿ ಕಲಿತರು. ಪಾರದರ್ಶಕ ಎಳೆಗಳಾಗಿ ಅಂಗಡಿಯಲ್ಲಿ ಸಿಗುವ ಆ ಒಣ ಪಾಚಿಯನ್ನು ಹಾಲಿನಲ್ಲಿ ಕರಗಿಸಿ ಆರಲು ಬಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ನಮ್ಮ ಅಜ್ಜಿಯಿಂದ ರಾಗಿಯ ಹಾಲುಬಾಯಿ ಕಲಿತರು. ಹೇಗೆ ಕಲಿತರೆಂದು ಬರೆಯಲು ನಾಚಿಕೆಯಾಗುತ್ತದೆ. ನಮ್ಮದು ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಬಾಡಿಗೆಗೆ ಕೊಡುವ ಮನೆತನ. ಅಜ್ಜಿ ಒಳಗೆ ಒಲೆಯ ಮುಂದೆ ಕೂತು ಕೂಗಿ ಹೇಳುತ್ತಿದ್ದರು, ಸೆಲೀನಮ್ಮ ಹಿತ್ತಿಲಲ್ಲಿ ನಿಂತು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು.

"ಬೆಲ್ಲ ಎಷ್ಟು ಹಾಕಿದ್ರಿ ಅಮ್ಮಾ? ಕೈ ಅಡ್ಡ ಬಂತು, ಕಾಣ್ಲಿಲ್ಲ."

"ಕಾಣೋಷ್ಟು ಹಾಕಿದ್ರೆ ಅದು ಹಾಲುಬಾಯಿ ಆಗಲ್ಲ ಕಣೇ, ಅಂಟು ಆಗತ್ತೆ!"

ಇಬ್ಬರೂ ನಕ್ಕಿದ್ದರು. ಮರುದಿನ ಸೆಲೀನಮ್ಮ ಮಾಡಿ ತಂದುಕೊಟ್ಟ ಹಾಲುಬಾಯಿಯನ್ನು ಅಜ್ಜಿ ಬಣ್ಣ ನೋಡಿ ಮೆಚ್ಚಿ, ಹಸುವಿಗೆ ಹಾಕಿಸಿದರು.

ಸೆಲೀನಮ್ಮನ ಸ್ವಂತ ಸಿಹಿ ಎಂದರೆ ಬಂಗಲೆಯಲ್ಲಿ ಕಲಿತ ಕಸ್ಟರ್ಡ್. ಸುಟ್ಟ ಸಕ್ಕರೆಯ ಕಂದು ನೀರು ಮೇಲಿಂದ ಇಳಿಯುವ, ಮುಟ್ಟಿದರೆ ನಡುಗುವ ಕಸ್ಟರ್ಡ್. ಬಂಗಲೆಯಲ್ಲಿ ಅದಕ್ಕೆ ಆರು ಮೊಟ್ಟೆ ಬೀಳುತ್ತಿತ್ತಂತೆ. ನಮ್ಮಲ್ಲಿ ಹಲವು ಮನೆಗಳ ಮಕ್ಕಳು ಮೊಟ್ಟೆ ತಿನ್ನುವಂತಿರಲಿಲ್ಲ; ತಿನ್ನುವ ಮನೆಗಳಲ್ಲೂ ಶನಿವಾರ ಅದು ನಿಷಿದ್ಧ. "ಒಂದ್ ಮಗು ಮೂಲೇಲಿ ಕೂತ್ಕೊಂಡು ನೋಡ್ಬೇಕು, ಮಿಕ್ಕಿದ್ ಮಕ್ಳು ತಿನ್ಬೇಕು ಅಂದ್ರೆ ಅದೇನು ಸಿಹಿ?" ಎಂದು ಸೆಲೀನಮ್ಮ ಮೊಟ್ಟೆಯನ್ನೇ ಕೈಬಿಟ್ಟರು. ನೂರ್‌ಜಹಾನ್ ಬೂಬು ಅವರ ಕಡಲ್‌ಪಾಸಿ, ಅಜ್ಜಿಯ ಹಾಗೆ ಹಿಂಡಿ ತೆಗೆದ ರಾಗಿಹಾಲು ಎರಡು ಚಮಚ, ಬಂಗಲೆಯ ಸುಟ್ಟ ಸಕ್ಕರೆ. ಮೂರು ಮನೆಗಳನ್ನು ಸೇರಿಸಿ ಕಟ್ಟಿದ ಆ ತಿನಿಸು ಬೇರೆಲ್ಲೂ ಇರಲಿಲ್ಲ. ಅದರ ರುಚಿಯನ್ನು ನಾನು ಬಲ್ಲೆ. ಬಲ್ಲೆ ಎಂಬುದೇ ನನ್ನ ಮೇಲಿರುವ ಆರೋಪ.

ಒಂದು ಶನಿವಾರ ಮಧ್ಯಾಹ್ನ ಕಸ್ಟರ್ಡ್ ತಿಂದು ಮನೆಗೆ ಹೊರಟವಳು, ದಾರಿಯಲ್ಲಿ ಗೆಳತಿಯೊಬ್ಬಳು ಬೇಕರಿಯಿಂದ ತಂದ ಎಗ್ ಪಫ್ಸಿನಲ್ಲಿ ಅರ್ಧ ತಿಂದೆ. ಅಮ್ಮ ಬಾಗಿಲಲ್ಲೇ ಹಿಡಿದರು.

"ಬಾಯಿ ತೆಗಿ. ಮೊಟ್ಟೆ ವಾಸ್ನೆ! ಶನಿವಾರ ಏನೇ ತಿಂದೆ?"

ಏಟು ತಪ್ಪಿಸಿಕೊಳ್ಳಲು ಬಾಯಿಗೆ ಬಂದ ಹೆಸರು ಹೇಳಿದೆ. "ಸೆಲೀನಮ್ಮ ಕಸ್ಟರ್ಡ್ ಕೊಟ್ರು."

ಅದೇ ಸಂಜೆ ಸಂಘದ ಐವರು ಮಕ್ಕಳ ಮನೆಯಲ್ಲಿ ಸಭೆ ಸೇರಿದರು; ನನ್ನನ್ನೂ ಕರೆದೊಯ್ದರು. ಮೇಜಿನ ಮೇಲೆ ಉಳಿದ ಕಸ್ಟರ್ಡಿನ ತಟ್ಟೆ. ಕಾರ್ಯದರ್ಶಿಗಳು ಪೆನ್ನಿನ ತುದಿಯಿಂದ ತಟ್ಟೆಯನ್ನು ತಟ್ಟಿದರು.

"ನೋಡ್ರೀ, ಹೆಂಗೆ ಅಲ್ಲಾಡತ್ತೆ! ಮೊಟ್ಟೆ ಇಲ್ದೆ ಹಿಂಗೆ ಅಲ್ಲಾಡತ್ತೇನ್ರೀ?"

"ಕಡಲ್‌ಪಾಸಿ ಸಾರ್ ಅದು" ಎಂದರು ಸೆಲೀನಮ್ಮ. "ಒಂದ್ ಚಮಚ ಬಾಯಿಗೆ ಹಾಕ್ಕೊಂಡ್ ನೋಡಿ ಸಾರ್, ಗೊತ್ತಾಗ್ಬಿಡತ್ತೆ."

"ಇವತ್ತು ಶನಿವಾರ ಕಣಮ್ಮ. ಮೊಟ್ಟೆ ಇದ್ದುಬಿಟ್ರೆ?"

"ನಾಳೆ ತಿನ್ನಿ ಸಾರ್. ಇಲ್ಲೇ ಇಟ್ಟಿರ್ತೀನಿ. ಕಡಲ್‌ಪಾಸಿ ಕರಗಲ್ಲ."

ಭಾನುವಾರ ತಪ್ಪದೆ ಆಮ್ಲೆಟ್ ತಿನ್ನುತ್ತಿದ್ದ ನನ್ನ ತಂದೆ ನಾಳೆಯವರೆಗೆ ಕಾಯಲಿಲ್ಲ. ನನ್ನತ್ತ ತಿರುಗಿದರು. "ಇವಳು ಕೊಟ್ಟಿದ್ರಲ್ಲಿ ಮೊಟ್ಟೆ ಇತ್ತಾ ಪುಟ್ಟಿ? ಹೆದರ್ಬೇಡ, ಹೇಳು."

ಹೌದೆಂದು ತಲೆಯಾಡಿಸಿದೆ. ಅವರು ಮತ್ತೊಮ್ಮೆ ಕೇಳಲು ಬಾಯಿ ತೆರೆದಾಗ ಸೆಲೀನಮ್ಮ ಅಡ್ಡ ಬಂದರು.

"ಸಾಕು ಸಾರ್, ಮಗೂನ ಇನ್ನೊಂದ್ಸಲ ಕೇಳ್ಬೇಡಿ. ನನ್ನ ಏನ್ ಮಾಡ್ಬೇಕೋ ಮಾಡಿ."

ಮಾಡಿದರು. 'ಮಕ್ಕಳಿಗೆ ತಿಳಿಯದಂತೆ ಮೊಟ್ಟೆ ತಿನ್ನಿಸಿದ ಆಯಾಳನ್ನು ತೆಗೆದುಹಾಕಲಾಗಿದೆ' ಎಂದು ಬರೆದರು, ಸಹಿ ಹಾಕಿದರು. ತಟ್ಟೆಯನ್ನು ಮೋರಿಗೆ ಸುರಿಸಿದರು. ಶನಿವಾರದ ಸಿಹಿಯ ಜಾಗಕ್ಕೆ ಬಿಸ್ಕತ್ತು ಬಂತು.

ಆಮೇಲೆ ನಾನು ಓದಿದೆ. ಸಾಕ್ಷ್ಯ, ವಿಚಾರಣೆ, ಸಹಜ ನ್ಯಾಯ ಇತ್ಯಾದಿಗಳ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದು ಮೆಚ್ಚುಗೆ ಪಡೆದೆ. ನಮ್ಮ ಬೀದಿಯ ವಿಚಾರಣೆಯನ್ನು ಮಾತ್ರ ಯಾವ ಪುಟದಲ್ಲೂ ಉದಾಹರಿಸಲಿಲ್ಲ. ಕಳೆದ ತಿಂಗಳು ನೂರ್‌ಜಹಾನ್ ಬೂಬು ಅವರನ್ನು ಕೇಳಿ, ವಿಳಾಸ ಹಿಡಿದು ಕೆ.ಆರ್. ಪುರಕ್ಕೆ ಹೋದೆ. ಸೆಲೀನಮ್ಮ ಮಗಳ ಮನೆಯಲ್ಲಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಹೆಸರು ಹೇಳಿದೊಡನೆ ಗುರುತಿಸಿದರು. ಸುತ್ತಿ ಬಳಸದೆ ಹೇಳಿಬಿಟ್ಟೆ: ಅಂದು ಸುಳ್ಳು ಹೇಳಿದೆ, ತಿಂದದ್ದು ಪಫ್ಸ್.

"ಗೊತ್ತು. ನಿನ್ ಫ್ರಾಕ್ ಮೇಲೆ ಪಫ್ಸ್ ಪುಡಿ ಇತ್ತಲ್ಲ."

"ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ಅಲ್ಲೇ ನಿನ್ ಚರ್ಮ ಸುಲೀತಿದ್ರು. ಆಮೇಲೆ ಇಂದಿರಾನಗರದಲ್ಲಿ ಎರಡು ಕಡೆ ಕೇಳ್ದೆ. ಮಕ್ಳನ್ನ ನೋಡ್ಕೊಳ್ಳೋ ಕೆಲ್ಸಾನೇ. 'ಕದ್ದು ಮೊಟ್ಟೆ ಹಾಕೋಳಲ್ವಾ' ಅಂದ್ರು. ಪಾತ್ರೆ ತೊಳೆಯೋ ಕೆಲ್ಸ ಸಿಕ್ತು, ಮಾಡ್ದೆ. ಮಕ್ಳು ಸಿಗ್ಲಿಲ್ಲ. ನಿನ್ ಮೇಲೆ ಬೇಜಾರಿಲ್ಲ ಕಣ್ಣಾ, ನೀನು ಚಿಕ್ಕೋಳು. ಐದ್ ಜನ ದೊಡ್ಡೋರು ಕೂತಿದ್ರಲ್ಲ, ಒಬ್ರಾದ್ರೂ ನಾಳೆ ತಿಂದು ನೋಡ್ತೀನಿ ಅನ್ಬೋದಿತ್ತು."

ಹೊರಡುವಾಗ ನನ್ನ ಮಣಿಕಟ್ಟು ಹಿಡಿದು ಕೇಳಿದರು: "ಆ ಬುಕ್ಕಲ್ಲಿ ಬರ್ದಿದ್ದು ಹಂಗೇ ಇದ್ಯಾ ಇನ್ನೂ?"

ಇದೆ ಎಂದೆ. ಕೈ ಬಿಟ್ಟರು.

ಸಂಘದ ಇಂದಿನ ಪದಾಧಿಕಾರಿಗಳಿಗೆ ನನ್ನ ವಿನಂತಿ ಇದು. ಆ ನಿರ್ಣಯವನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ರದ್ದುಪಡಿಸಿ. ನನ್ನ ಸಾಕ್ಷಿ ಸುಳ್ಳಾಗಿತ್ತೆಂದು ಅದೇ ಪುಸ್ತಕದಲ್ಲಿ, ನನ್ನ ಹೆಸರು ಸಮೇತ ದಾಖಲಿಸಿ. ಆಯಾ ಎಂಬುದನ್ನು ಹೊಡೆದು ಸೆಲೀನಮ್ಮ ಎಂದು ಬರೆಯಿರಿ. ಕ್ಷಮಾಪಣೆಯ ಪತ್ರ ಸಿದ್ಧಪಡಿಸಿ. ಆಗದೆಂದರೆ ಏಕೆ ಆಗದೆಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಿ. ಸೆಲೀನಮ್ಮನಿಗೆ ಕನ್ನಡ ಓದಲು ಬಾರದು, ಈಗ ಕಣ್ಣೂ ಕಾಣದು. ಆದ್ದರಿಂದ ಪತ್ರವನ್ನು ಅಂಚೆಗೆ ಹಾಕದೆ ಕೆ.ಆರ್. ಪುರಕ್ಕೆ ಕೊಂಡೊಯ್ದು ಅವರೆದುರು ಗಟ್ಟಿಯಾಗಿ ಓದಬೇಕು. ಮೊದಲ ಸಹಿ ಯಾರದೋ ಅವರೇ ಓದಬೇಕು. ಅಪ್ಪಾ, ಬಸ್ಸಿನಲ್ಲಿ ನಿಮ್ಮ ಜೊತೆ ನಾನೂ ಬರುತ್ತೇನೆ.