ಸೋಲಲೆಂದು ಬ್ಯಾಡಗಿಗೆ ಹೋದದ್ದು

ಕಳೆದ ಮಂಗಳವಾರ ಒಂದು ವಿಚಿತ್ರ ಕೆಲಸಕ್ಕೆ ಹಾವೇರಿಯಿಂದ ಬ್ಯಾಡಗಿ ಬಸ್ಸು ಹತ್ತಿದೆ. ಮೂರು ವರ್ಷದ ಹಿಂದೆ ಗೆಳೆಯನೊಬ್ಬನ ಜೊತೆ ಜಗಳವಾಗಿತ್ತು. ಆ ಜಗಳದಲ್ಲಿ ನಾನು ಸೋತಿದ್ದೇನೆ ಎಂದು ಅವನ ಎದುರು ಕುಳಿತು ಹೇಳಬೇಕಿತ್ತು. ಜನ ಗೆಲ್ಲುವುದಕ್ಕಾಗಿ ಬಸ್ಸು ಹತ್ತಿ ಕೋರ್ಟಿಗೆ ಹೋಗುತ್ತಾರೆ. ನಾನು ಸೋಲಲು ಹೊರಟಿದ್ದೆ. ಆದರೆ ಆ ಪುಣ್ಯಾತ್ಮ ಸುಲಭಕ್ಕೆ ಸೋಲಲು ಬಿಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಪ್ರತಿ ವಾರ ಈ ಕಾಲಂ ಓದುವವರಿಗೆ ನನ್ನ ಜಾತಕ ಗೊತ್ತಿದೆ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಲಾಜಿಕ್ ಕಲಿಸಿದ ಮಾಸ್ತರ ನಾನು. ಮದುವೆಯಾಗಲಿಲ್ಲ. (ಯಾಕೆ ಎಂದು ಕೇಳಿ ಪತ್ರ ಬರೆಯುವವರು ದಯವಿಟ್ಟು ಇನ್ನಾದರೂ ನಿಲ್ಲಿಸಬೇಕು.) ರಿಟೈರ್ ಆದ ಮೇಲೆ ಹಾವೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮಧ್ಯಾಹ್ನಕ್ಕೆ ಖಾನಾವಳಿ ಊಟ, ವಾರಕ್ಕೊಂದು ಬರಹ. ಇಷ್ಟೇ ಸಂಸಾರ.

ಭಾನುವಾರ ಖಾನಾವಳಿಗೆ ರಜೆ. ಮೂರು ವರ್ಷದ ಹಿಂದಿನ ತನಕ ಆ ದಿನ ನನ್ನ ಊಟ ಬ್ಯಾಡಗಿಯಲ್ಲಿ, ಫಕ್ಕೀರಪ್ಪನ ಮನೆಯಲ್ಲಿ. ಫಕ್ಕೀರಪ್ಪ ನನ್ನ ಜೊತೆ ಹೈಸ್ಕೂಲು ಓದಿದವನು. ಮೆಣಸಿನಕಾಯಿ ದಲಾಲಿ. ನಾನು ತರಗತಿಯಲ್ಲಿ ವಾದ ಮಾಡಿ ಹೊಟ್ಟೆ ಹೊರೆದೆ, ಅವನು ಮಾರ್ಕೆಟ್ಟಿನಲ್ಲಿ. ತಾಟಿನ ಮುಂದೆ ಕುಳಿತರೆ ಇಬ್ಬರಿಗೂ ಒಂದು ವಿಷಯ ಬೇಕು. ಬೋರ್‌ವೆಲ್ ನೀರು ಗಡಸೋ ಅಲ್ಲವೋ ಎಂಬುದರಿಂದ ಹಿಡಿದು ದೇವರು ಇದ್ದಾನೋ ಇಲ್ಲವೋ ಎಂಬುದರ ತನಕ ಏನಾದರೂ ಸರಿ. ಜಡ್ಜು ಅವನ ಹೆಂಡತಿ ನೀಲಕ್ಕ. ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡು ಕೊನೆಗೆ ತೀರ್ಪು ಕೊಡುತ್ತಿದ್ದಳು.

"ಇವತ್ತ ಮಾಸ್ತರು ಸೋತಾರ. ಅವರ ತಾಟಿಗೆ ಇನ್ನೊಂದ ರೊಟ್ಟಿ."

ಆ ಮನೆಯ ಪದ್ಧತಿ ಅದು. ಗೆದ್ದವನಿಗೆ ಏನೂ ಇಲ್ಲ, ಸೋತವನಿಗೆ ಒಂದು ರೊಟ್ಟಿ ಹೆಚ್ಚು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಸೋತವರಿಗೆ ಹಸಿವು ಜಾಸ್ತಿ ಇರತೈತ್ರಿ" ಅಂದಿದ್ದಳು.

ನಾಲ್ಕು ವರ್ಷದ ಹಿಂದೆ ನೀಲಕ್ಕ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ತಿಂಗಳಿಗೂ ಹೆಚ್ಚು ಮಲಗಿ ತೀರಿಕೊಂಡಳು. ಭಾನುವಾರದ ಊಟ ಮುಂದುವರಿಯಿತು. ರೊಟ್ಟಿ ಈಗ ಸೊಸೆ ಬಡಿಯುತ್ತಿದ್ದಳು. ತೀರ್ಪು ಕೊಡುವವರು ಮಾತ್ರ ಇರಲಿಲ್ಲ.

ನೀಲಕ್ಕನ ವರ್ಷದ ಕಾರ್ಯಕ್ಕೆ ಹೋಗಿದ್ದೆ. ನೆಂಟರೆಲ್ಲ ಪಂಕ್ತಿಯಲ್ಲಿ ಕುಳಿತಿದ್ದರು. ಸತ್ತವರ ಬಗ್ಗೆ ಒಂದು ಒಳ್ಳೆಯ ಮಾತಾಡೋಣ ಎಂದು ನಾನು ಬಾಯಿ ತೆರೆದೆ. ಆಸ್ಪತ್ರೆಗೆ ನೋಡಲು ಹೋದಾಗ ನೀಲಕ್ಕ ನನಗೆ ಮೋಸಂಬಿ ಸುಲಿದು ಅರ್ಧ ಕೊಟ್ಟಿದ್ದಳು, ಕೈಯಲ್ಲಿ ಸಲಾಯಿನ್ ಸೂಜಿ ಇದ್ದರೂ ಕೊಟ್ಟಿದ್ದಳು ಎಂದೆ. ಹೇಳುವಾಗ ನನಗೆ ಆ ಮಂಚ, ಆ ಕಿಟಕಿ, ಸಿಪ್ಪೆಯ ವಾಸನೆ ಎಲ್ಲ ಕಣ್ಣ ಮುಂದಿತ್ತು.

ಫಕ್ಕೀರಪ್ಪ ತುತ್ತು ಕೆಳಗಿಟ್ಟ. "ನೀ ದವಾಖಾನಿಗೆ ಬಂದಿದ್ದಿಲ್ಲ."

"ಬಂದಿದ್ನೋ."

"ಒಂದ ದಿನಾನೂ ಬಂದಿದ್ದಿಲ್ಲ."

ಬಂದಿದ್ದೆ, ಇಲ್ಲ, ಬಂದಿದ್ದೆ, ಇಲ್ಲ. ಪಂಕ್ತಿಯೇ ನಮ್ಮ ಕಡೆ ತಿರುಗಿತು. ಆಗ ನಾನು, ಮೂವತ್ತು ವರ್ಷ ಲಾಜಿಕ್ ಕಲಿಸಿದ ದೊಡ್ಡ ಮನುಷ್ಯ, ಬಹಳ ಸಭ್ಯತೆಯಿಂದ ಒಂದು ಮಾತು ಹೇಳಿದೆ. "ಆತು ಬಿಡು ಫಕ್ಕೀರಪ್ಪ. ನಿನ್ನ ಸತ್ಯ ನಿನಗ, ನನ್ನ ಸತ್ಯ ನನಗ."

ನೆಂಟರು ತಲೆಯಾಡಿಸಿದರು. ಎಷ್ಟು ತೂಕದ ಮಾತು ನೋಡಿ ಎಂದು ಒಬ್ಬರು ಮೆಚ್ಚಿದರು ಕೂಡ. ಫಕ್ಕೀರಪ್ಪ ಎದ್ದು ಕೈ ತೊಳೆದ.

ಮುಂದಿನ ಭಾನುವಾರ ಹೋದೆ. "ಬರ್ರಿ ಮಾಸ್ತರ, ಕುಂದ್ರಿ" ಅಂದ. ಐವತ್ತು ವರ್ಷ ನೀನು, ತಾನು ಎಂದು ಬೈದಾಡಿಕೊಂಡವನು ನನ್ನನ್ನು ಬಹುವಚನದಲ್ಲಿ ಕರೆದ. ನಾನು ಏನು ಹೇಳಿದರೂ "ಹೌದ್ರಿ, ಅದು ನಿಮ್ಮ ವಿಚಾರ" ಎನ್ನುತ್ತಿದ್ದ. ಜಗಳವೇ ಇಲ್ಲ. ಅಂಥ ಎರಡು ಊಟ ಮಾಡಿದೆ. ಮೂರನೆಯ ಭಾನುವಾರ ಹೋಗಲಿಲ್ಲ. ಅವನೂ ಫೋನ್ ಮಾಡಲಿಲ್ಲ.

ಈ "ಅವರವರ ಸತ್ಯ ಅವರವರಿಗೆ" ಎಂಬ ಮಾತನ್ನು ಕ್ಲಾಸಿನಲ್ಲಿ ಎಷ್ಟು ಸಲ ಕುಟ್ಟಿ ಪುಡಿ ಮಾಡಿದ್ದೆನೋ ಲೆಕ್ಕವಿಲ್ಲ. ಸಿಲೆಬಸ್ಸಿನಲ್ಲಿ ಅದಕ್ಕೆ ಸಾಪೇಕ್ಷತಾವಾದ ಎಂಬ ಭಾರಿ ಹೆಸರು. ಒಂದು ವರ್ಷ ಗುತ್ತಲದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು, "ಸರ್, ಎಲ್ಲಾರಿಗೂ ಅವರವರ ಸತ್ಯ ಅಂತಾರಲ್ರಿ, ಈ ಮಾತು ಎಲ್ಲಾರಿಗೂ ಖರೇನೋ, ಹೇಳಿದವರಿಗಷ್ಟ ಖರೇನೋ?" ಎಲ್ಲರಿಗೂ ಖರೇ ಅಂದರೆ ಎಲ್ಲರಿಗೂ ಖರೇ ಆಗುವ ಒಂದು ಮಾತಾದರೂ ಇದೆ ಎಂದಾಯಿತು. ವಾದ ಅಲ್ಲಿಗೇ ಬಿತ್ತು. ಹೇಳಿದವರಿಗಷ್ಟೇ ಖರೇ ಅಂದರೆ ಉಳಿದವರು ಅದನ್ನು ಯಾಕೆ ಕಿವಿಗೆ ಹಾಕಿಕೊಳ್ಳಬೇಕು? ನಾನು ಎರಡು ಪೀರಿಯಡ್ಡು ಹೇಳಬೇಕೆಂದಿದ್ದದ್ದನ್ನು ಆಕೆ ಒಂದೇ ಉಸಿರಿಗೆ ಮುಗಿಸಿ ಕುಳಿತಳು.

ಕುರುಡರು ಆನೆ ಮುಟ್ಟಿದ ಕತೆ ಹೇಳಿ ಈ ವಾದಕ್ಕೆ ಊರುಗೋಲು ಕೊಡುವವರೂ ಇದ್ದಾರೆ. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಎಲ್ಲರೂ ಸರಿ ಎನ್ನುತ್ತಾರೆ. ಅಲ್ಲಿರುವುದು ಆನೆ ಎಂದು ಕತೆ ಹೇಳುವವನಿಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಆ ಮಾತು ನನ್ನ ಬಾಯಿಂದ ಯಾಕೆ ಬಂತು? ಸುಲಭವಾಗಿತ್ತು, ಅದಕ್ಕೆ. ಕೇಳಲು ಸಭ್ಯವಾಗಿತ್ತು. ಇನ್ನೊಬ್ಬರ ಮಾತಿಗೂ ಜಾಗ ಕೊಡುವ ವಿನಯ ಒಳ್ಳೆಯದೇ, ಅದನ್ನು ಬೇಡ ಎನ್ನುವುದಿಲ್ಲ. ಆದರೆ ಇನ್ನೊಬ್ಬರ ಮಾತಿಗೆ ಜಾಗ ಕೊಡುವುದು ಬೇರೆ, ಅವರನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಆ ಕೋಣೆಯಲ್ಲಿ ಮೂರು ವರ್ಷ ಕಳೆದೆ. ಖಾನಾವಳಿಯ ಮಾಲೀಕರು ನಾನು ಏನು ಹೇಳಿದರೂ "ಹೌದ್ರಿ ಸರ್" ಎನ್ನುತ್ತಾರೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರೂ ಹೌದ್ರಿ ಸರ್, ಕಡಿಮೆಯಾಗಿದೆ ಎಂದರೂ ಹೌದ್ರಿ ಸರ್. ಎದುರು ಮನೆಯವರು, ಬ್ಯಾಂಕಿನವರು, ಪೇಪರಿನವರು, ಎಲ್ಲರೂ ಗೌರವದಿಂದ ಒಪ್ಪುತ್ತಾರೆ. ನನ್ನ ವಯಸ್ಸಿನ ಒಂಟಿ ಗಂಡಸನ್ನು ಯಾರೂ ತಪ್ಪು ಎನ್ನುವುದಿಲ್ಲ. ಭಾನುವಾರ ಒಂದು ಬ್ರೆಡ್ಡು ತಂದು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದೆ. ಗೋಡೆಯ ಜೊತೆ ವಾದ ಮಾಡಿ ನೋಡಿದ್ದೇನೆ, ಅದೂ ಒಪ್ಪಿತು.

ಹೋದ ತಿಂಗಳು ಹಳೆಯ ಕಾಲಂಗಳನ್ನು ಸೇರಿಸಿ ಪುಸ್ತಕ ಮಾಡೋಣ ಎಂಬ ಆಸೆ ಹುಟ್ಟಿತು. ಕತ್ತರಿಸಿಟ್ಟ ಹಾಳೆಗಳ ಗಂಟು ಬಿಚ್ಚಿದೆ. ನಾಲ್ಕು ವರ್ಷದ ಹಿಂದಿನ ಒಂದು ಹಾಳೆ ಕೈಗೆ ಬಂತು. ಆಸ್ಪತ್ರೆಗೆ ಹಣ್ಣು ಹಿಡಿದು ಹೋಗುವವರನ್ನು ಗೇಲಿ ಮಾಡಿ ಬರೆದದ್ದು. ನಗಿಸುವ ಹಾಗಿತ್ತು, ನಾನೂ ನಕ್ಕೆ. ಕೊನೆಯಲ್ಲಿ ನನ್ನದೇ ಸಾಲುಗಳು: "ಆತ್ಮೀಯ ಗೆಳೆಯನ ಹೆಂಡತಿ ಆಸ್ಪತ್ರೆ ಸೇರಿ ತಿಂಗಳಾಯಿತು. ನಾನಿನ್ನೂ ಒಂದು ದಿನವೂ ಹೋಗಿಲ್ಲ. ಆ ಫಿನೈಲು ವಾಸನೆ ನನಗಾಗದು. ಮುಂದಿನ ವಾರ ಹೋದರಾಯಿತು."

ಹಾಳೆಯ ಮೂಲೆಯಲ್ಲಿ ತಾರೀಖು. ಅದಾದ ನಾಲ್ಕನೆಯ ದಿನ ನೀಲಕ್ಕ ಹೋದಳು.

ಹಾಗಾದರೆ ಆ ಮಂಚ? ಆ ಕಿಟಕಿ? ಆ ಮೋಸಂಬಿ? ಎಲ್ಲವನ್ನೂ ನಾನೇ ಕಟ್ಟಿಕೊಂಡಿದ್ದೆ. ನನಗೆ ಅದು ಪೂರ್ತಿ ಸತ್ಯವಾಗಿತ್ತು. ಆಣೆ ಮಾಡಿ ಹೇಳುತ್ತಿದ್ದೆ. ಆದರೂ ಅದು ನಡೆದಿರಲಿಲ್ಲ.

ಹೀಗೆ ಮಂಗಳವಾರ ಬಸ್ಸು ಹತ್ತಿದ್ದು. ಮೋಟೆಬೆನ್ನೂರು ದಾಟುವ ತನಕ ಮಾತು ಜೋಡಿಸಿಕೊಂಡೆ. ಮಾರ್ಕೆಟ್ಟಿಗೆ ಕಾಲಿಟ್ಟ ಕೂಡಲೇ ಘಾಟಿಗೆ ನಾಲ್ಕು ಸೀನು ಬಂದು ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. ಅಂದು ಟೆಂಡರ್ ಇಲ್ಲದ, ಮಾಲು ಹರಾಜಾಗದ ದಿನ. ಫಕ್ಕೀರಪ್ಪ ಮಗನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದ. ಪಕ್ಕದಲ್ಲಿ ಕೆಂಪು ರಾಶಿ. ಅದರ ಬದಿಗೆ ವಯಸ್ಸಾದ ಹೆಂಗಸೊಬ್ಬಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು.

"ಬರ್ರಿ ಮಾಸ್ತರ, ಕುಂದ್ರಿ."

ಕುಳಿತೆ. ಹಾಳೆ ಕೈಗೆ ಕೊಟ್ಟೆ. "ನೀ ಹೇಳಿದ್ದ ಖರೇ. ನಾ ದವಾಖಾನಿಗೆ ಬಂದಿದ್ದಿಲ್ಲ. ನಾ ತಪ್ಪಿದೆ."

ಅವನು ಹಾಳೆ ಬಿಚ್ಚಲೂ ಇಲ್ಲ. "ಇರಲಿ ಬಿಡ್ರಿ. ಆವಾಗ ನಿಮಗ ಹಂಗ ಅನಸಿತ್ತು, ಈಗ ಹಿಂಗ ಅನಸತೈತಿ."

"ಅನಸೂದಲ್ಲೋ. ನಾ ಬಂದೇ ಇದ್ದಿಲ್ಲ."

"ಅದು ನಿಮ್ಮ ಸತ್ಯರಿ."

ನನ್ನ ಚಪ್ಪಲಿಯಲ್ಲೇ ನನಗೆ ಹೊಡೆದ. ತಪ್ಪು ಎಂಬುದೇ ಇಲ್ಲದ ಕಡೆ ತಪ್ಪೊಪ್ಪಿಗೆಯನ್ನು ಯಾರ ಕೈಯಲ್ಲಿ ಇಡಬೇಕು? ಸುಮ್ಮನೆ ರಾಶಿಯಿಂದ ಒಂದು ಮೆಣಸಿನಕಾಯಿ ಎತ್ತಿಕೊಂಡೆ. ಮಾತಿಗೆ ಮಾತು ಬೇಕಲ್ಲ ಎಂದು "ಚಲೋ ಒಣಗ್ಯಾವಲ್ಲ" ಅಂದೆ.

ಹೂಂ ಎನ್ನಲು ಬಾಯಿ ತೆರೆದವನು ತಡೆದುಕೊಂಡ. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಕಿವಿಯ ಬಳಿ ಅಲ್ಲಾಡಿಸಿದ. "ಲೇ ಮಾಸ್ತರ, ಇದು ಒಣಗೈತಿ? ಒಣಗಿದ್ರ ಬೀಜ ಸಪ್ಪಳ ಮಾಡ್ತಾವ. ಬಗ್ಗಿಸಿದ್ರ ಬಗ್ಗಾಕತ್ತೈತಿ, ಮುರಿಯೂದಿಲ್ಲ."

ನನಗೆ ಎಲ್ಲಿಂದ ಧೈರ್ಯ ಬಂತೋ. "ನನಗ ಒಣಗಿದಂಗ ಕಾಣತೈತಿ. ನನ್ನ ಸತ್ಯ ನನಗ."

"ನಿನ್ನ ಸತ್ಯ ಒಯ್ದು ಕೋಲ್ಡ್ ಸ್ಟೋರೇಜ್‌ನ್ಯಾಗ ಇಡು. ಚೀಲಕ್ಕ ಚೀಲ ಬೂಸರ ಹಿಡದ ಹೊಕ್ಕಾವ. ಖಾರ ಹೆಚ್ಚೋ ಕಡಿಮಿಯೋ ಅಂತ ಕೇಳು, ನಾಲಿಗಿಗೊಂದ ಮಾತ ಹೇಳ್ತಾರ, ನಾ ಒಪ್ಪತೀನಿ. ಹಸಿ ಅಂದ್ರ ಹಸಿ. ಯಾರಿಗೆ ಹೆಂಗ ಬೇಕಾರ ಕಾಣಲಿ."

"ಹಸೀನ ಅದಾವ್ರಿ ಅವು" ಎಂದಳು ತೊಟ್ಟು ಬಿಡಿಸುತ್ತಿದ್ದವಳು, ತಲೆಯೆತ್ತದೆ.

ಫಕ್ಕೀರಪ್ಪ ಆ ಮೆಣಸಿನಕಾಯಿಯನ್ನು ರಾಶಿಗೆ ಎಸೆದ. ಆಮೇಲೆ ಅವನು ಹಾಳೆ ಬಿಚ್ಚಿದ. ಓದಲಿಲ್ಲ, ಬರೀ ಕೈಯಾಡಿಸಿದ.

"ಇದು ನನಗ ಗೊತ್ತಿಲ್ಲಂತ ತಿಳದೀಯೇನ? ವಾರಾವಾರಾ ಆಕಿಗೆ ಓದಿ ಹೇಳತಿದ್ದೆ. ಇದನ್ನೂ ಓದಿದೆ. ನಕ್ಕಳು. 'ಮುಂದಿನ ವಾರ ಬರ್ತಾರಂತ, ಒಂದ ಮೋಸಂಬಿ ತಗದಿಡ್ರಿ' ಅಂದ್ಲು. ಆಕಿ ಹೋದ ದಿನ ಅದು ಮೇಜಿನ ಮ್ಯಾಲ ಹಂಗ ಇತ್ತು. ಮಣ್ಣ ಮಾಡಿ ಬರುವಾಗ ನಿನಗ ನಾನ ಹೇಳಿದ್ದೆ, ಮೋಸಂಬಿ ಇಟ್ಟಿದ್ಲು ಅಂತ."

ಹೇಳಿದ್ದ. ಈಗ ನೆನಪಾಯಿತು. ನನಗಾಗಿ ತೆಗೆದಿಟ್ಟ ಹಣ್ಣನ್ನು ನಾನು ಮನಸ್ಸಿನಲ್ಲೇ ಸುಲಿಸಿಕೊಂಡು, ಅರ್ಧ ತಿಂದು, ವರ್ಷದ ಕಾರ್ಯದ ಪಂಕ್ತಿಯಲ್ಲಿ ಅವನ ಎದುರಿಗೇ ಹೇಳಿದ್ದೆ.

"ಅವತ್ತ ಈ ಹಾಳಿ ತೋರಸಬೇಕಿತ್ತಲ್ಲೋ" ಅಂದೆ.

"ಯಾಕ ತೋರಸಲಿ? ನಿನ್ನ ಸತ್ಯ ನಿನಗ ಅಂದಿ. ಆ ಮಾತ ಬಂದ ಮ್ಯಾಲ ಹಾಳಿಗೆ ಏನ ಕೆಲಸ ಐತಿ?"

ಮೂವತ್ತು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅವರವರಿಗೆ ಅವರವರದು ಎಂದ ಮೇಲೆ ಸಾಕ್ಷಿಗೆ ಬೆಲೆಯಿಲ್ಲ, ಕ್ಷಮೆಗೂ ಬೆಲೆಯಿಲ್ಲ. ಮೇಜಿನ ಮೇಲೆ ಒಣಗಿದ ಹಣ್ಣು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಫಕ್ಕೀರಪ್ಪ ಹಾಳೆ ಮಡಚಿ ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. "ನೀ ಬರಲಿಲ್ಲ, ಮಾಸ್ತರ. ತಪ್ಪ ಮಾಡಿದಿ. ದವಾಖಾನಿಗೂ ಬರಲಿಲ್ಲ, ಈ ಮೂರು ವರ್ಷ ಮನಿಗೂ ಬರಲಿಲ್ಲ."

ತಪ್ಪು ಮಾಡಿದಿ. ಈ ಮಾತನ್ನು ನನಗೆ ಕೊನೆಯ ಸಲ ಯಾರು ಹೇಳಿದ್ದರೋ ನೆನಪಿಲ್ಲ. ಎದೆ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿದ್ದೆ ಎಂಬ ನೆನಪಾದರೂ ಇಷ್ಟು ದಿನ ನನ್ನ ಜೊತೆಗಿತ್ತು, ಈಗ ಅದೂ ಇಲ್ಲ. ಆಕೆ ದಾರಿ ಕಾಯ್ದಳು, ನಾನು ಹೋಗಲಿಲ್ಲ. ಅಷ್ಟೇ ಉಳಿಯಿತು. ಆದರೆ ಅದು ಗೊತ್ತಿರುವವರು ಈಗ ಇಬ್ಬರಿದ್ದೇವೆ.

ಚಹಾ ಬಂತು, ಕುಡಿದೆವು. ಬಸ್ಸಿನ ಹೊತ್ತಾಯಿತು. ಭಾನುವಾರ ಬಾ ಎಂದು ಅವನು ಕರೆಯಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ನಾನು ಎದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿದ, "ಒಣಗಿದ್ದು ಯಾವುದು, ಹಸಿ ಯಾವುದು, ಕಲತ ಬಾ."

ಭಾನುವಾರ ಹೋಗುತ್ತೇನೆ. ತಾಟಿನ ಮುಂದೆ ಕುಳಿತು ಮತ್ತೊಮ್ಮೆ ಎಲ್ಲರ ಎದುರು ಹೇಳುತ್ತೇನೆ. ಸೋತವರಿಗೆ ಹಸಿವು ಜಾಸ್ತಿ ಎನ್ನುತ್ತಿದ್ದಳು ನೀಲಕ್ಕ. ಆ ಮಾತು ನನಗೂ ಖರೇ, ನಿಮಗೂ ಖರೇ.

ನಾನು ಸೋತಿದ್ದೇನೆ, ಇನ್ನೊಂದು ರೊಟ್ಟಿ ಹಾಕುವವರು ಯಾರು?