ಸೇತುವೆ ದಾಟಿದ ಅಡುಗೆಯವ

ನನ್ನ ಸೋದರತ್ತೆಯ ಗಂಡನನ್ನು ಇಡೀ ಬೀದಿ ಬೀಗದ ಮಾವ ಎಂದೇ ಕರೆಯುತ್ತದೆ. ಎರಡು ಅಂಗಡಿಗಳ ನಡುವೆ, ಮೆಟ್ಟಿಲ ಕೆಳಗೆ, ಒಂದು ಬೀರುವಿನಷ್ಟು ಜಾಗದಲ್ಲಿ ಅವರು ಮೂವತ್ತೆಂಟು ವರ್ಷಗಳಿಂದ ಕೀಲಿ ಮಾಡುತ್ತಾ ಕುಳಿತಿದ್ದಾರೆ. ಬೆನ್ನ ಹಿಂದೆ ಮೊಳೆಗಳಿಗೆ ನೇತುಹಾಕಿದ, ಇನ್ನೂ ಹಲ್ಲು ಮೂಡದ ನೂರಾರು ಕೀಲಿಗಳು. ಅರದಿಂದ ನಾಲ್ಕು ಸಲ ಉಜ್ಜುತ್ತಾರೆ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಮತ್ತೆರಡು ಸಲ ಉಜ್ಜಿ ಕೊಡುತ್ತಾರೆ. ಅವರು ಮಾಡಿದ ಕೀಲಿ ತಿರುಗಲಿಲ್ಲ ಎಂದು ವಾಪಸು ಬಂದವರನ್ನು ನಾನು ಕಂಡಿಲ್ಲ.

ಈ ಸಾಧು ಮನುಷ್ಯನಿಗೆ ಯುದ್ಧದ ಸಿನಿಮಾ ಎಂದರೆ ಪ್ರಾಣ. ನಮ್ಮ ಹಳೆಯ ಟಾಕೀಸಿನಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ಚಿತ್ರಗಳನ್ನೇ ಹಾಕುತ್ತಾರೆ. ಯುದ್ಧದ್ದು ಬಂದರೆ ಮಾವ ಅಂದು ಬೆಳಿಗ್ಗೆಯೇ ಶರಟಿಗೆ ಇಸ್ತ್ರಿ ಹಾಕಿ ಕೂರುತ್ತಾರೆ. ಅತ್ತೆಯೂ ಹೋಗಲೇಬೇಕು. ನಾನು ಹೋಗುವುದು ಹುರಿದ ಕಡಲೆಕಾಯಿಗಾಗಿ. ಇದನ್ನು ಮುಚ್ಚಿಡುವ ಅಗತ್ಯ ನನಗೇನೂ ಕಾಣುವುದಿಲ್ಲ.

ಅತ್ತೆಗೆ ರಕ್ತ ಕಂಡರೆ ಆಗದು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೂ ಮುಖ ತಿರುಗಿಸಿಕೊಂಡು ಬಟ್ಟೆ ಸುತ್ತುವವರು. ಅದಕ್ಕೇ ಮದುವೆಯಾದ ವರ್ಷವೇ ಗಂಡಹೆಂಡಿರು ಒಂದು ಏರ್ಪಾಡು ಮಾಡಿಕೊಂಡರು. ಅತ್ತೆಯ ಕೈ ಮಾವನ ಕೈಯಲ್ಲಿರುತ್ತದೆ. ಮಾವ ಒಂದು ಸಲ ತಟ್ಟಿದರೆ ಕಣ್ಣು ಮುಚ್ಚಬೇಕು, ಎರಡು ಸಲ ತಟ್ಟಿದರೆ ತೆರೆಯಬಹುದು. ಹೀಗಾಗಿ ಮೂವತ್ತು ವರ್ಷ ಯುದ್ಧದ ಸಿನಿಮಾ ನೋಡಿದ ಅತ್ತೆ ಒಂದೇ ಒಂದು ಯುದ್ಧವನ್ನೂ ನೋಡಿರಲಿಲ್ಲ. ಅವರು ಕಂಡದ್ದೆಲ್ಲ ಬೂಟು ಒಣಗಿಸುವವರು, ಊರಿಗೆ ಕಾಗದ ಬರೆಯುವವರು, ಒಂದೇ ಕಂಬಳಿಗೆ ಜಗಳವಾಡುವವರು. "ಪಾಪ, ಎಷ್ಟು ಅನ್ಯೋನ್ಯವಾಗಿರ್ತಾರೆ!" ಎಂದು ಅಕ್ಕಪಕ್ಕದವರ ಮುಂದೆ ಹೊಗಳುತ್ತಿದ್ದರು.

ತಮಾಷೆಯೆಂದರೆ ಮಾವನಿಗೆ ಬೇಕಾದದ್ದೂ ಅದೇ. ಒಬ್ಬನೇ ನೂರು ಜನರನ್ನು ಉರುಳಿಸುವ ನಾಯಕ ಬಂದರೆ ಮೂಗು ಮುರಿಯುತ್ತಾರೆ.

"ಗುಂಡು ಹಾರಿಸೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ ಕಣಮ್ಮ," ಎಂದು ನನಗೊಮ್ಮೆ ಪಾಠ ಮಾಡಿದ್ದರು. "ಗುಂಡು ಹಾರದ ಹೊತ್ತಲ್ಲಿ ಅವರೇನ್ ಮಾಡ್ತಾರೆ, ಅದು ಮುಖ್ಯ. ಮೊದಲು ಅಡುಗೆಯವನು ಇದ್ದಾನಾ ನೋಡು. ಅಡುಗೆಯವನಿಲ್ಲದ ಯುದ್ಧದ ಸಿನಿಮಾ ಬರೀ ಪಟಾಕಿ."

"ಅಡುಗೆ ನೋಡೋಕೆ ಟಾಕೀಸಿಗೆ ಯಾಕೆ ಹೋಗ್ಬೇಕು ಮಾವ? ಮನೇಲೇ ಅತ್ತೆ ಇದ್ದಾರಲ್ಲ?"

ಅವರು ನಗಲಿಲ್ಲ. "ನಾನು ದಿನಾ ಒಬ್ಬನೇ ಕೂತು ಕೆಲಸ ಮಾಡೋನು. ಪಕ್ಕದಲ್ಲಿ ಇನ್ನೊಬ್ಬ ಕೂರೋಕೂ ಜಾಗ ಇಲ್ಲ. ಅಲ್ಲಿ ನೋಡು, ಗುರುತು ಪರಿಚಯ ಇಲ್ಲದ ಹತ್ತು ಜನ ಒಂದೇ ಪಾತ್ರೆ ಸುತ್ತ ಕೂತು ತಿಂತಾರೆ. ಅದು ನಂಗಿಷ್ಟ."

ಅಂದು ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಕಡಲೆಕಾಯಿಯ ಪೊಟ್ಟಣವನ್ನು ಅವರ ಕಡೆಗೂ ಚಾಚಿದೆ.

ಎಡವಟ್ಟಾದದ್ದು ಕಳೆದ ಚಳಿಗಾಲದ ಒಂದು ಭಾನುವಾರ. ಒಂದು ಸೇತುವೆಯನ್ನು ಕಾಯುವ ಹತ್ತು ಸೈನಿಕರ ಕಥೆ. ಜೊತೆಗೆ ಒಬ್ಬ ಡುಮ್ಮ ಅಡುಗೆಯವ. ಮಾವ ಮೊದಲ ಹತ್ತೇ ನಿಮಿಷದಲ್ಲಿ ಅವನಿಗೆ ಸೋತುಹೋದರು. ಕೊನೆಯಲ್ಲಿ ಸೇತುವೆಗೆ ಸಿಡಿಮದ್ದು ಇಡುತ್ತಾರೆ. ಆಚೆ ದಡದಲ್ಲಿ ಇಬ್ಬರು ಹಸಿದು ಉಳಿದಿದ್ದಾರೆಂದು ಅಡುಗೆಯವ ಯಾರ ಮಾತೂ ಕೇಳದೆ ಸಾರಿನ ಪಾತ್ರೆ ಹೊತ್ತು ಹೊರಡುತ್ತಾನೆ. ಪರದೆಯ ತುಂಬ ಮಂಜು. ಎಲ್ಲ ನಿಶ್ಶಬ್ದ, ನದಿಯ ಸದ್ದು ಮಾತ್ರ. ಆಗ ಮಾವ ಅತ್ತೆಯ ಕೈಯನ್ನು ಎರಡು ಸಲ ತಟ್ಟಿದರು.

ಅತ್ತೆ ಕಣ್ಣು ತೆರೆದರು. ಮಂಜಿನ ನಡುವೆ, ಸೇತುವೆಯ ಮಧ್ಯದಲ್ಲಿ, ಅಡುಗೆಯವ ನಿಂತಿದ್ದ. ಮರುಕ್ಷಣವೇ ಸೇತುವೆ ಅವನ ಸಮೇತ ಹಾರಿಹೋಯಿತು. ಅತ್ತೆ ಚೀರಿದ್ದಕ್ಕೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಹೊರಗೆ ಬಂದ ಮೇಲೆ ಗಂಡನಿಗೆ ಸರಿಯಾಗಿ ಮಂಗಳಾರತಿ ಎತ್ತಬೇಕೆಂದು ಅತ್ತೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮಾವನೇ ಕೇಳಿದರು, "ಅಡುಗೆಯವನು ದಾಟಿದ್ನಾ?"

ಅತ್ತೆ ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಪರದೆಯ ಮೇಲೆ ನಡೆದದ್ದು ಮಾವನಿಗೆ ಕಂಡೇ ಇರಲಿಲ್ಲ! ನಾನು ಏನೋ ಹೇಳಹೊರಟೆ. ಅತ್ತೆ ನನ್ನ ತೋಳನ್ನು ಬಲವಾಗಿ ಜಿಗುಟಿದರು.

"ದಾಟಿದ," ಎಂದರು.

ಮನೆಗೆ ಬಂದು, ಚಹಾದ ಲೋಟವನ್ನು ಮಾವನ ಕೈಗೇ ಹಿಡಿಸಿ, ವಿಚಾರಣೆ ಶುರು ಮಾಡಿದರು. "ರೀ, ಎಷ್ಟು ದಿನದಿಂದ ಕಣ್ಣು ಕಾಣಿಸ್ತಿಲ್ಲ?"

"ಮಂಜು ಮಂಜಾಗಿದೆ ಅಷ್ಟೇ. ಒಂದು ವರ್ಷ ಆಯ್ತೇನೋ."

ಒಂದು ವರ್ಷ! ಬೆರಳಿನಲ್ಲೇ ಕೆಲಸ ನಡೆಯುವುದರಿಂದ ಗಿರಾಕಿಗಳಿಗೆ ಗೊತ್ತಾಗಿರಲಿಲ್ಲ. ದಾರಿ ಪಾದಗಳಿಗೆ ಬಾಯಿಪಾಠವಾಗಿದ್ದರಿಂದ ನಮಗೂ ಗೊತ್ತಾಗಿರಲಿಲ್ಲ. ಟಾಕೀಸಿನಲ್ಲಿ ಗುಂಡಿನ ಸದ್ದು ನಿಂತರೆ ಸಾಕು, ಎರಡು ಸಲ ತಟ್ಟಿಬಿಡುತ್ತಿದ್ದರಂತೆ. ಮರುದಿನವೇ ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ, ತೆಗೆದರೆ ಚೆನ್ನಾಗಿ ಕಾಣುತ್ತದೆ, ತಡಮಾಡಿದರೆ ಕಷ್ಟ ಎಂದರು ಅವರು. ಮಾವ ಕುರ್ಚಿಯಿಂದ ಎದ್ದು ಸೀದಾ ಬಾಗಿಲಿಗೆ ನಡೆದರು. ಸಾವಿರ ಫಿರಂಗಿಗಳ ಮುಂದೆ ಕಡಲೆಕಾಯಿ ತಿನ್ನುತ್ತಾ ಕೂತ ಮಹಾಶೂರನಿಗೆ ಸೂಜಿಯ ಭಯ.

ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಾನು ಗದರಿದೆ, ಮುನಿಸಿಕೊಂಡೆ, ವಾರವಿಡೀ ಮಾತು ಬಿಟ್ಟೆ. ಒಂದು ಸಂಜೆ ಅತ್ತೆ ಅನ್ನ ಬಡಿಸುವುದನ್ನು ಬಿಟ್ಟು ನೆಲ ಒರೆಸಲು ಕೂತರು. ಮಾವ ತಟ್ಟೆಯ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಅಂದು ಎರಡನೇ ಸಲ ಉರುಳಿಸಿದ್ದರು. ಇವರಿಗೆ ಪೂರ್ತಿ ಕತ್ತಲಾದರೆ ಗತಿಯೇನು ಎಂದು ನನಗೂ ದಿಗಿಲಾಯಿತು.

ಮಾವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ. "ಅಲ್ವೇ, ಅಷ್ಟು ದೊಡ್ಡ ಸದ್ದು ಬಂತಲ್ಲ? ಅವನು ಹೇಗೆ ದಾಟಿದ?"

"ದಾಟಿದ ಅಂದೆನಲ್ಲ."

"ಓಡಿದ್ನಾ? ನೀರಿಗೆ ಹಾರಿದ್ನಾ? ಅವನ ಮೈಗೆ ಓಡೋಕೆಲ್ಲಿ ಆಗುತ್ತೆ?"

"ನಂಗೆ ವರ್ಣಿಸೋಕೆ ಬರಲ್ಲ. ಮುಂದಿನ ತಿಂಗಳು ಕೊನೇ ಭಾನುವಾರ ಮತ್ತೆ ಅದನ್ನೇ ಹಾಕ್ತಾರಂತೆ. ಕಣ್ಣು ಸರಿ ಮಾಡಿಸ್ಕೊಂಡು ನೀವೇ ನೋಡಿ."

ಮಾವ ಎರಡು ದಿನ ತಲೆ ಕೆರೆದುಕೊಂಡರು. ಮೂರನೆಯ ದಿನ ಅಂಗಡಿಗೆ ರಜೆ ಹಾಕಿ, ಸಿನಿಮಾಕ್ಕೆ ಹೊರಡುವಾಗಿನಂತೆ ಇಸ್ತ್ರಿ ಶರಟು ತೊಟ್ಟು ಬಂದು ನಿಂತರು. "ಆಯ್ತು, ನಡೀರಿ. ಮೊದಲು ಒಂದು ಕಣ್ಣು ಮಾತ್ರ."

ಆಪರೇಷನ್ನಿಗೆ ಕಾಲು ಗಂಟೆ ಹಿಡಿಯಿತು. ಒಳಗೆ ಹೋಗುವವರೆಗೂ ಅತ್ತೆಯ ಕೈ ಬಿಟ್ಟಿರಲಿಲ್ಲವಂತೆ. ಪಟ್ಟಿ ಬಿಚ್ಚಿದಾಗ ಹೆಂಡತಿಯ ಮುಖವನ್ನೇ ಬಹಳ ಹೊತ್ತು ನೋಡಿ, "ಕೂದಲು ಇಷ್ಟು ಬೆಳ್ಳಗಾಗಿದೆ, ನಂಗೆ ಒಂದು ಮಾತು ಹೇಳಲಿಲ್ವಲ್ಲೇ," ಎಂದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಟ್ಟಿಗೇ ನಕ್ಕರು, ಅತ್ತರು.

ಹೇಳಿದ್ದ ಭಾನುವಾರ ಮೂವರೂ ಹೋದೆವು. ಅತ್ತೆಗೆ ಒಳಗೊಳಗೇ ಪುಕಪುಕ. ಇನ್ನು ಸ್ವಲ್ಪ ಹೊತ್ತಿನಲ್ಲಿ ಗುಟ್ಟು ರಟ್ಟಾಗುತ್ತದೆ, ಮನುಷ್ಯ ಮುನಿಸಿಕೊಂಡು ಇನ್ನೊಂದು ಕಣ್ಣಿಗೆ ಒಪ್ಪದಿದ್ದರೆ? ಪರದೆಯ ಮೇಲೆ ಮಂಜು ಕವಿಯಿತು. ಅಡುಗೆಯವ ಪಾತ್ರೆ ಎತ್ತಿಕೊಂಡು ಹೊರಟ. ಅವನು ಸೇತುವೆಗೆ ಕಾಲಿಡುವ ಮೊದಲೇ ಮಾವ ಅತ್ತೆಯ ಕೈಯನ್ನು ಒಂದು ಸಲ ತಟ್ಟಿದರು. ಎಲ್ಲವನ್ನೂ ಆಗಲೇ ಕಂಡಿದ್ದ ಅತ್ತೆ ಮರುಮಾತಿಲ್ಲದೆ ಕಣ್ಣು ಮುಚ್ಚಿದರು.

ಸದ್ದಾಯಿತು. ಹೊಗೆ ಕರಗಿದಾಗ ನದಿಯಲ್ಲಿ ಪಾತ್ರೆಯೊಂದೇ ತೇಲಿಹೋಗುತ್ತಿತ್ತು. ಕಣ್ಣು ಉಜ್ಜಬಾರದೆಂದು ಡಾಕ್ಟರು ಹೇಳಿದ್ದರಿಂದ ಮಾವ ನೀರನ್ನು ಹಾಗೇ ಹರಿಯಬಿಟ್ಟು ಕುಳಿತಿದ್ದರು. ಆಮೇಲೆ, ಉಳಿದವರು ಒಲೆಯ ಸುತ್ತ ಬಂದು ಕೂತಾಗ, ಎರಡು ಸಲ ತಟ್ಟಿದರು.

ಹೊರಗೆ ಬಿಸಿಲಿತ್ತು. ಮಾವ ಕಪ್ಪು ಕನ್ನಡಕ ಹಾಕಿಕೊಂಡರು.

"ನೀನು ಹೇಳಿದ್ದೇ ಸರಿ ಕಣೇ," ಎಂದರು ಮಾವ. "ದಾಟಿದ."

ಅತ್ತೆ ಅವರನ್ನೇ ಒಂದು ಗಳಿಗೆ ನೋಡಿದರು. "ಮತ್ತೆ? ನಾನೇನು ಸುಳ್ಳು ಹೇಳ್ತೀನಾ?"

"ಪಾತ್ರೆ ಮಾತ್ರ ನೀರು ಪಾಲಾಯ್ತು."

"ಹೋಗ್ಲಿ ಬಿಡಿ," ಎಂದು ಅತ್ತೆ ಅವರ ಕೈ ಹಿಡಿದು ರಸ್ತೆಗೆ ಇಳಿದರು. "ಬೇರೆ ತಗೊಳ್ತಾನೆ."